ಅಕ್ಕಡಿಗೆ ಅಪ್ಪಣೆ ಬೇಕಿಲ್ಲ

ಹೊಲದ ನಡುವೆ ಗೂಟ ಹೊಡೆಯುವ ದಿನ ಭಾಗವ್ವನನ್ನು ಯಾರೂ ಕೇಳಲಿಲ್ಲ. ಹನ್ನೊಂದು ಜಾಲಿಗೂಟ, ತುದಿಗೆ ಸುಣ್ಣ ಬಳಿದವು, ಅನಗವಾಡಿಯ ಆ ಎಂಟು ಎಕರೆ ಎರೆಹೊಲವನ್ನು ಈ ಬದುವಿನಿಂದ ಆ ಬದುವಿನ ತನಕ ಸರಿಯಾಗಿ ಎರಡು ಮಾಡಿ ನಿಂತವು. ಹೊಡೆದವನು ಅವಳ ಮೈದುನ ಗಿರಿಮಲ್ಲಪ್ಪ, ಹೊಲದಲ್ಲಿ ಪಾಲಿದ್ದವನು. ಹೊಡೆಸಿದವನು ಸರಕಾರದ ಶೇತಕಿ ಖಾತೆಯ, ಅಂದರೆ ಒಕ್ಕಲುತನದ ಇಲಾಖೆಯ, ಕೃಷ್ಣಾಜಿರಾವ. ಗಂಡ ಸತ್ತ ಮೇಲೆ ಹನ್ನೆರಡು ವರ್ಷ ಆ ಹೊಲವನ್ನು ಹರಗಿಸಿ, ಬಿತ್ತಿ, ಕಸ ಕಿತ್ತು ಬೆಳೆದವಳು ಬುತ್ತಿ ಹೊತ್ತು ಬರುವ ಹೊತ್ತಿಗೆ ಕೊನೆಯ ಗೂಟಕ್ಕೆ ಕೊನೆಯ ಪೆಟ್ಟು ಬೀಳುತ್ತಿತ್ತು.

ಮುಂಬಯಿ ಸರಕಾರದ ಕಾಲ ಅದು. ಜಮಖಂಡಿ, ಮುಧೋಳದ ರಾಜರು ಗಾದಿ ಬಿಟ್ಟು ಐದಾರು ವರ್ಷವಾಗಿತ್ತು. ರಾಜರು ಹೋದರು, ಸಾಹೇಬರು ಬಂದರು. ಮೈಲಿಬೇನೆಯ ಚುಚ್ಚುಮದ್ದು ಹಾಕುವುದಕ್ಕೊಬ್ಬ, ರಸ್ತೆ ಅಳೆಯುವುದಕ್ಕೊಬ್ಬ, ಶಾಲೆ ನೋಡುವುದಕ್ಕೊಬ್ಬ. ಹತ್ತಿಗೆ ಇನ್ನೂ ಒಬ್ಬ ಬಂದಿರಲಿಲ್ಲ, ಈಗ ಅದೂ ಆಯಿತು. ಕೃಷ್ಣಾಜಿರಾವ ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಜಮಖಂಡಿಯ ಮನೆತನದವನು, ಬೆಳ್ಳನೆಯ ಟೊಪ್ಪಿಗೆ, ಮಾತಿಗೊಮ್ಮೆ ಮರಾಠಿ. ಎರೆಮಣ್ಣಿನಲ್ಲಿ ಬೂಟು ಸಿಕ್ಕರೆ ಬೂಟು ಬಿಟ್ಟು ಬರಿಗಾಲಲ್ಲಿ ನಡೆಯುವಷ್ಟು ಒಳ್ಳೆಯವನು. ಒಳ್ಳೆಯವನ ಜೊತೆ ಜಗಳ ಆಡುವುದೇ ಕಷ್ಟ.

"ಈ ಕಡೆ ನಾಕ ಎಕರೆ ನಮ್ಮ ಪದ್ಧತಿ, ಆ ಕಡೆ ನಾಕ ಎಕರೆ ನಿಮ್ಮ ಪದ್ಧತಿರಿ, ಭಾಗವ್ವನಾರ," ಎಂದು ಅವನು ತಾಳ್ಮೆಯಿಂದ ತಿಳಿಸಿದ. "ಇಲ್ಲಿ ಹೊಸಾ ಬೀಜ, ಚೀಲದ ಗೊಬ್ಬರ, ಹುಳಕ್ಕ ಪುಡಿ. ಅಲ್ಲಿ ನಿಮ್ಮ ಸೆಗಣಿ, ನಿಮ್ಮ ಕುರಿ, ನಿಮ್ಮ ಬೀಜ. ಕಡೀಕ ಎರಡೂ ತೂಗಿ ನೋಡೂದು. ಒಂದ ಮಾತು, ಗೂಟ ದಾಟಿ ಏನೂ ಆಕಡೆ ಈಕಡೆ ಆಗಬಾರದು. ಹೋಲಿಕಿ ಕೆಡತದ."

"ಅಕ್ಕಡಿ?" ಎಂದಳು ಭಾಗವ್ವ.

"ನಮ್ಮ ಕಡೆ ಅಕ್ಕಡಿ ಇಲ್ಲರಿ. ಬರೀ ಹತ್ತಿ."

ಭಾಗವ್ವ ತಲೆಯ ಮೇಲಿನ ಬುತ್ತಿಯನ್ನು ಅಲ್ಲೇ ನೆಲಕ್ಕೆ ಇಳಿಸಿದಳು. ಎಂಟು ಸಾಲು ಹತ್ತಿಗೆ ಒಂದು ಸಾಲು ಅಕ್ಕಡಿ ಬಿಡುವುದು ಆ ಸೀಮೆಯ ರೂಢಿ. ಆ ಒಂದು ಸಾಲಿನಲ್ಲಿ ತೊಗರಿ, ಪುಂಡಿ, ಅಲಸಂದಿ, ನಡುನಡುವೆ ಸವತೆಬಳ್ಳಿ ಎಲ್ಲ ಕಲೆಸಿ ಬಿತ್ತುತ್ತಾರೆ. ಅದರ ಬೀಜ ಕಟ್ಟಿಡುವವರು ಹೆಂಗಸರು, ಬಿತ್ತುವವರು ಹೆಂಗಸರು, ಬಂದದ್ದೂ ಹೆಂಗಸರದೇ. ಹತ್ತಿ ಗಂಡಸಿನ ಹೆಸರಿನಲ್ಲಿ ಪೇಟೆಗೆ ಹೋಗುತ್ತದೆ, ಅಕ್ಕಡಿ ಹೆಂಗಸಿನ ಸೆರಗಿನಲ್ಲಿ ಮನೆಗೆ ಬರುತ್ತದೆ. ಗಂಡ ಸತ್ತ ವರ್ಷ ಮನೆಯಲ್ಲಿ ಅಡಿಗೆ ನಿಲ್ಲದಂತೆ ನೋಡಿಕೊಂಡದ್ದು ಆ ಸಾಲಿನ ತೊಗರಿ. ಇನ್ನೊಂದು ರೂಢಿ ಇದಕ್ಕಿಂತ ಹಳೆಯದು. ಹತ್ತಿ ಬಿಡಿಸಲು ಬಂದ ಕೂಲಿ ಹೆಂಗಸರು ಮನೆಯಿಂದ ಬರೀ ರೊಟ್ಟಿ ತರುತ್ತಾರೆ. ಮಧ್ಯಾಹ್ನ ಅಕ್ಕಡಿಯಲ್ಲಿ ಏನು ಸಿಕ್ಕಿತೋ ಅದನ್ನು ಕಿತ್ತುಕೊಂಡು ಹಚ್ಚಿಕೊಂಡು ತಿನ್ನುತ್ತಾರೆ. ಯಾರನ್ನೂ ಕೇಳುವುದಿಲ್ಲ. 'ಅಕ್ಕಡಿಗಿ ಅಪ್ಪಣಿ ಬೇಕಿಲ್ಲ' ಎಂದು ಅನಗವಾಡಿಯಲ್ಲಿ ಮಾತೇ ಇದೆ.

ಗಿರಿಮಲ್ಲಪ್ಪ ಅಷ್ಟಕ್ಕೇ ಬಿಡಲಿಲ್ಲ. ಚಾವಡಿಯಲ್ಲಿ ನಾಲ್ಕು ಜನರ ನಡುವೆ ಮೀಸೆ ತಿರುವಿ, "ಸರಕಾರಿ ಕಡಿ ಒಂದ ಮಣ ಹೆಚ್ಚ ತೂಗಿದ್ರೂ ಮುಂದಿನ ವರ್ಷ ಎಂಟೂ ಎಕರೆ ಸಾಹೇಬ್ರ ಪದ್ಧತಿ" ಎಂದು ಮಾತು ಕೊಟ್ಟು ಬಂದ. ಹಾಗೆಂದರೆ ಮುಂದಿನ ವರ್ಷ ಒಂದು ಸಾಲು ಅಕ್ಕಡಿಯೂ ಇಲ್ಲ. ಸುದ್ದಿ ಕೇಳಿ ಭಾಗವ್ವ ಒಲೆಯ ಮುಂದಿನಿಂದ ಏಳಲೂ ಇಲ್ಲ.

"ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಂಗಾತು ನಿಂದು," ಎಂದಳು. "ನೋಡೂನು ತಮ್ಮಾ."

ಬಿತ್ತಿಗೆಯ ಮುಂಚೆ ಅವಳು ತನ್ನ ನಾಲ್ಕು ಎಕರೆಯಲ್ಲಿ ಹಿಕ್ಕೆಗೆಂದು ಎಂಟು ರಾತ್ರಿ ಕುರುಬರ ಕುರಿಹಿಂಡು ನಿಲ್ಲಿಸಿದಳು. ತಿಪ್ಪೆಯ ಗೊಬ್ಬರ ಹೇರಿಸಿದಳು. ಹತ್ತಿಬೀಜಕ್ಕೆ ತುಪ್ಪಳ ಇರುತ್ತದೆ, ಹಾಗೇ ಬಿಟ್ಟರೆ ಒಂದಕ್ಕೊಂದು ಅಂಟಿ ಕೂರಿಗೆಯಲ್ಲಿ ಇಳಿಯುವುದಿಲ್ಲ. ಅದಕ್ಕೇ ಸೆಗಣಿ, ಬೂದಿ ಕಲಸಿ ಹೊರಸು ಮಂಚದ ಹಗ್ಗದ ಮೇಲೆ ಬೀಜ ಸುರಿದು ಅಂಗೈ ಉರಿಯುವ ತನಕ ತಿಕ್ಕಿದಳು. ಆಚೆಗೆ ಗಿರಿಮಲ್ಲಪ್ಪ ಬೀಳಗಿಯಿಂದ ಗಾಡಿಯಲ್ಲಿ ಚೀಲ ತಂದು ಇಳಿಸುತ್ತಿದ್ದ. ಚೀಲದೊಳಗೆ ಸಕ್ಕರೆಯಂಥ ಬೆಳ್ಳನೆಯ ಹರಳು.

"ಮುಟ್ಟಿ ನೋಡು ವೈನಿ. ವಾಸನಿ ಇಲ್ಲ, ಹೊಲಸಿಲ್ಲ," ಎಂದು ಅತ್ತಿಗೆಯನ್ನು ಕರೆದ.

"ಬೆಳ್ಳಗಿದ್ದದ್ದೆಲ್ಲ ಹಾಲಲ್ಲೋ," ಎಂದಳು ಭಾಗವ್ವ.

ಮಾತೇನೋ ಜೋರಾಗಿಯೇ ಹೇಳಿದಳು. ಆದರೆ ಹಾಲಲ್ಲದಿದ್ದರೂ ಅದು ಕೆಲಸ ಮಾಡಿತು. ಎರಡು ತಿಂಗಳಿಗೆ ಗೂಟದ ಆಚೆಯ ಹತ್ತಿ ಮೊಣಕಾಲು ದಾಟಿತು, ಈಚೆಯದು ಇನ್ನೂ ಮೊಣಕಾಲಿನ ಕೆಳಗೇ ಇತ್ತು. ಆಚೆಯ ಎಲೆ ಕಪ್ಪುಹಸುರು, ಈಚೆಯದು ತಿಳಿಹಸುರು. ದಾರಿಯಲ್ಲಿ ಹೋಗುವವರು ಆಚೆ ನೋಡಿ ನಿಲ್ಲುತ್ತಿದ್ದರು, ಈಚೆ ನೋಡಿ ಮುಂದೆ ಹೋಗುತ್ತಿದ್ದರು. ಭಾಗವ್ವನಿಗೆ ಹೊಟ್ಟೆ ಉರಿಯಿತು. ಒಂದು ಸಂಜೆ ಯಾರೂ ಇಲ್ಲದಾಗ ಆಚೆಯ ಚೀಲದಿಂದ ಒಂದು ಬೊಗಸೆ ಹರಳು ತೆಗೆದುಕೊಂಡು ತನ್ನ ಸಾಲಿನ ತನಕ ಬಂದಳು. ಬಗ್ಗಿದಳು ಕೂಡ. ಆಮೇಲೆ ತನಗೆ ತಾನೇ ಬೈದುಕೊಂಡು ವಾಪಸು ಹೋಗಿ ಅದನ್ನು ಚೀಲಕ್ಕೇ ಸುರಿದು, ಕೈಯನ್ನು ಮಣ್ಣಿನಲ್ಲಿ ತಿಕ್ಕಿಕೊಂಡಳು. ಸೋತರೆ ಸೋಲಲಿ, ಕದ್ದು ಗೆದ್ದಳು ಅನ್ನಿಸಿಕೊಳ್ಳುವುದು ಬೇಡ.

ಕಾಯಿ ಕಟ್ಟುವಾಗ ಹುಳ ಬಿತ್ತು. ಆಚೆ ಮೂಗಿಗೆ ವಸ್ತ್ರ ಕಟ್ಟಿಕೊಂಡ ಇಬ್ಬರು ಆಳುಗಳು ಪುಡಿ ಹೊಡೆದರು. ಘಾಟು ಮೂರು ದಿನ ಹೊಲ ಬಿಟ್ಟು ಕದಲಲಿಲ್ಲ. ಕೃಷ್ಣಾಜಿರಾವ ತಾನಾಗಿಯೇ ಬದುವಿನ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ:

"ಇಲ್ಲಿಂದ ಒಂದ ಎಲಿ ಸೈತ ಯಾರೂ ಬಾಯಾಗ ಹಾಕಬ್ಯಾಡ್ರಿ. ದನಕ್ಕೂ ಹಾಕಬ್ಯಾಡ್ರಿ."

ಭಾಗವ್ವ ತನ್ನ ಕಡೆ ಬೆಳಗಿನ ಹೊತ್ತು ಗಿಡಗಿಡಕ್ಕೂ ಬಗ್ಗಿ ಹುಳ ಆರಿಸಿ ಬೂದಿಯ ಗಡಿಗೆಯಲ್ಲಿ ಹಾಕಿದಳು. ಅಕ್ಕಡಿಯ ತೊಗರಿಯ ಮೇಲೆ ಕೂತ ಹಕ್ಕಿಗಳೂ ಅಷ್ಟಿಷ್ಟು ಆರಿಸಿ ತಿಂದವು. ಆದರೂ ಹತ್ತು ಕಾಯಿಗೆ ಎರಡು ಹೋದವು. ಸುಳ್ಳು ಹೇಳಿ ಏನಾಗಬೇಕು, ಹೋದವು.

ಸಂಕ್ರಾಂತಿ ಕಳೆಯಿತು, ಹತ್ತಿ ಒಡೆಯಿತು. ಮೊದಲ ಬಿಡಿಕೆಯ ದಿನ ಯಲ್ಲವ್ವ ತನ್ನ ಗುಂಪು ಕಟ್ಟಿಕೊಂಡು ಬಂದಳು, ಇಪ್ಪತ್ತೆರಡು ಹೆಂಗಸರು. ಅನಗವಾಡಿಯ ಸುತ್ತಲ ಯಾವ ಹೊಲದ ಹತ್ತಿಯಾದರೂ ಯಲ್ಲವ್ವ ಬಂದರೇ ಬಿಡಿಸಿದ ಹಾಗೆ. ಅವಳ ಬೆರಳು ಕಾಯಿಯ ಸಿಪ್ಪೆ ಮುಟ್ಟದೆ ಹತ್ತಿಯನ್ನಷ್ಟೇ ಎತ್ತುತ್ತಿದ್ದವು, ಅವಳ ಬಾಯಿಗೆ ಮಾತ್ರ ಹಿಡಿತ ಇರಲಿಲ್ಲ. ಮೊದಲು ಸರಕಾರಿ ಕಡೆಯೇ ಆಗಲಿ ಎಂದ ಗಿರಿಮಲ್ಲಪ್ಪ. ಆಗಲಿ ಎಂದು ಇಳಿದರು. ಅಲ್ಲಿ ಗಿಡಕ್ಕೆ ಮೂವತ್ತು ಮೂವತ್ತೈದು ಕಾಯಿ, ಮಧ್ಯಾಹ್ನಕ್ಕೇ ಎಲ್ಲರ ಉಡಿ ಬಸುರಿಯಂತೆ ಉಬ್ಬಿತ್ತು. ಈಚೆ ಬದುವಿನ ಮೇಲೆ ನಿಂತು ನೋಡುತ್ತಿದ್ದ ಭಾಗವ್ವನಿಗೆ ತಾನು ಸೋತೆನೆಂದು ಆಗಲೇ ಗೊತ್ತಾಯಿತು. ತೂಗುವುದು ಬರೀ ಶಾಸ್ತ್ರ.

ಹೊತ್ತು ನೆತ್ತಿಗೆ ಬಂದಾಗ ಹೆಂಗಸರು ರೊಟ್ಟಿಯ ಗಂಟು ಬಿಚ್ಚಿದರು. ಸುತ್ತ ನೋಡಿದರು. ಹತ್ತಿ, ಹತ್ತಿ, ಹತ್ತಿ. ಹಕ್ಕರಿಕೆ ಸೊಪ್ಪನ್ನು ಸಹ ಕಸವೆಂದು ಕಿತ್ತು ಒಗೆಯಲಾಗಿತ್ತು. ಯಲ್ಲವ್ವ ಎದ್ದು, ಸೀರೆ ಎತ್ತಿ ಕಟ್ಟಿ, ಗೂಟ ದಾಟಿ ಭಾಗವ್ವನ ಅಕ್ಕಡಿಗೆ ಕೈ ಹಾಕಿ ಒಂದು ಸವತೆಕಾಯಿ ಕಿತ್ತಳು. ಒಂದು ಕಾಲು ಆಚೆ, ಒಂದು ಕಾಲು ಈಚೆ.

"ಏ ಏ ಏ!" ಗಿರಿಮಲ್ಲಪ್ಪ ಓಡಿ ಬಂದ. "ಗೂಟ ದಾಟಬ್ಯಾಡ! ಹೋಲಿಕಿ ಕೆಡತೈತಿ!"

"ಯಾಕ್ರಿ? ಇಲ್ಲೇನ ಸಂಸ್ಥಾನದ ಗಡಿ ಐತೇನ್ರಿ?"

"ಈ ಕಡಿ ಬಿಡಿಸಾವರು ಆ ಕಡಿದು ತಿನ್ನಾಂಗಿಲ್ಲ. ಸಾಹೇಬ್ರ ಹುಕುಮ ಐತಿ. ಕಾಯಿ ಕೆಳಗಿಡು."

ಸಾಹೇಬರು ಹೇಳಿದ್ದು ಗೊಬ್ಬರದ ಮಾತು, ಬೀಜದ ಮಾತು. ಕೂಲಿಯವರ ಬಾಯಿಯ ಮಾತಲ್ಲ. ಆದರೆ ಹೊಸದಾಗಿ ಸರಕಾರದ ಪರ ಆದವನಿಗೆ ಸರಕಾರಕ್ಕಿಂತ ಅವಸರ ಹೆಚ್ಚು.

"ಕೆಳಗಿಡು ಅಂದ್ನೆಲ್ಲ!"

ಯಲ್ಲವ್ವ ಕಾಯಿಯನ್ನು ನೋಡಿದಳು, ಅವನನ್ನು ನೋಡಿದಳು. ಮೂವತ್ತು ವರ್ಷ ಹತ್ತಿ ಬಿಡಿಸಿದ ಕೈ ಅದು. ಅಷ್ಟು ವರ್ಷದಲ್ಲಿ ಆ ಕೈಯಿಂದ ಅಕ್ಕಡಿಯ ಕಾಯಿ ಯಾರೂ ಇಳಿಸಿರಲಿಲ್ಲ. ಮೆಲ್ಲಗೆ ಬಗ್ಗಿ ಸವತೆಕಾಯಿಯನ್ನು ಗೂಟದ ಬುಡಕ್ಕೆ ಇಟ್ಟಳು. ಆಮೇಲೆ ನಡುವಿಗೆ ಕಟ್ಟಿದ ಉಡಿಯ ಗಂಟು ಬಿಚ್ಚಿ, ಬೆಳಗಿನಿಂದ ಬಿಡಿಸಿದ ಹತ್ತಿಯನ್ನೆಲ್ಲ ಅವನ ಕಾಲ ಮುಂದೆ ಸುರಿದಳು. ಹಿಂದಿನಿಂದ ಇಪ್ಪತ್ತೊಂದು ಉಡಿಗಳು ಒಂದೊಂದಾಗಿ ಬಂದು ಅಲ್ಲೇ ಬರಿದಾದವು. ಗಿರಿಮಲ್ಲಪ್ಪನ ಮೊಣಕಾಲಿನ ತನಕ ಹತ್ತಿ ಬಂತು.

"ನಿಮ್ಮ ಹತ್ತಿ ನೀವ ಬಿಡಿಸ್ಕೋರಿ," ಎಂದಳು ಯಲ್ಲವ್ವ. "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವಂತ."

ಭಾಗವ್ವ ಇದನ್ನು ಯೋಚಿಸಿ ಮಾಡಿಸಿದ್ದಲ್ಲ. ಊರಲ್ಲಿ ಆಮೇಲೆ ಹಾಗೆ ಆಡಿಕೊಂಡವರಿದ್ದರು, ಅವರ ನಾಲಿಗೆಗೆ ಹುಳ ಬೀಳಲಿ. ಯಲ್ಲವ್ವ ಕಾಯಿ ಇಟ್ಟದ್ದನ್ನು ಕಂಡು ಅವಳಿಗೆ ಮೊದಲು ನಾಚಿಕೆಯಾಯಿತು. ಆ ಅಕ್ಕಡಿ ತನ್ನದು, ಆ ಅವಮಾನ ಆದದ್ದು ತನ್ನ ಮನೆಯವನಿಂದ. ನಾಚಿಕೆಯ ಹಿಂದೆಯೇ ಸಿಟ್ಟು ಬಂತು. ಬದು ಇಳಿದು ಬಂದು, ಗೂಟದ ಬುಡದ ಸವತೆಕಾಯಿ ಎತ್ತಿ, ಸೆರಗಿನಲ್ಲಿ ಒರೆಸಿ ಯಲ್ಲವ್ವನ ಕೈಯಲ್ಲಿಟ್ಟಳು.

"ಬರ್ರಿ ಬೇ, ಎಲ್ಲಾರೂ ಈ ಕಡಿ ಬರ್ರಿ. ಗೂಟ ನಾ ಹೊಡದಿಲ್ಲ."

ಆ ಮಧ್ಯಾಹ್ನ ಇಪ್ಪತ್ತೆರಡು ಹೆಂಗಸರು ತೊಗರಿಯ ನೆರಳಲ್ಲಿ ಕೂತು ಹಸಿಕಾಯಿ, ಸವತೆಕಾಯಿ, ಹಕ್ಕರಿಕೆ ಹಚ್ಚಿಕೊಂಡು ರೊಟ್ಟಿ ತಿಂದರು. ಹೊತ್ತು ಇಳಿದ ಮೇಲೆ ಭಾಗವ್ವನ ಹತ್ತಿಗೆ ಕೈ ಹಚ್ಚಿದರು. ಮೂರು ದಿನದಲ್ಲಿ ಅವಳ ನಾಲ್ಕು ಎಕರೆ ಚೊಕ್ಕಟವಾಯಿತು.

ಆಚೆಯ ಹತ್ತಿ ಗಿಡದಲ್ಲೇ ಜೋತುಬಿತ್ತು. ಗಿರಿಮಲ್ಲಪ್ಪ ಬೀಳಗಿಗೆ ಹೋದ, ಸುತ್ತಲ ನಾಲ್ಕು ಹಳ್ಳಿಗೆ ಹೋದ. ಸುದ್ದಿ ಅವನಿಗಿಂತ ಮುಂಚೆ ಹೋಗಿತ್ತು. 'ಕೈಯಾಗಿನ ಕಾಯಿ ಇಡಿಸಿದ ಹೊಲ ಅದ ಅಲ್ಲೇನ್ರಿ?' ಎಂದು ಕೇಳಿ ಹೆಂಗಸರು ಬಾಗಿಲು ಮುಚ್ಚಿಕೊಂಡರು. ದುಪ್ಪಟ್ಟು ಕೂಲಿ ಎಂದ. ತೊಗೊಂಡು ಏನು ಮಾಡೋಣ, ಹತ್ತಿ ತಿನ್ನೋಣವೇ ಎಂದರು. ಕಡೆಗೆ ಹೆಂಡತಿ ಬೋರವ್ವನನ್ನು ಕರೆದುಕೊಂಡು ಬಂದು ಸಾಲಿಗೆ ನಿಲ್ಲಿಸಿದ. ಬೋರವ್ವ ಭಾಗವ್ವನ ನೆಗೆಣ್ಣಿ, ಗಂಡನಿಗೆ ಎದುರು ಮಾತಾಡಿದವಳಲ್ಲ. ಒಬ್ಬಳೇ ಮಧ್ಯಾಹ್ನದ ತನಕ ಬಿಡಿಸಿದಳು. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು, ರೊಟ್ಟಿಯ ಗಂಟು ತೆಗೆದುಕೊಂಡು, ಗಂಡನ ಕಣ್ಣೆದುರಿಗೇ ಗೂಟ ದಾಟಿ ಬಂದು ಭಾಗವ್ವನ ಪಕ್ಕ ಕೂತು ಉಂಡಳು.

ನಾಲ್ಕನೆಯ ದಿನ ಗಾಳಿ ಎದ್ದಿತು. ಬೆಳ್ಳನೆಯ ಹತ್ತಿ ಕರಿನೆಲದ ಮೇಲೆ ಉದುರತೊಡಗಿತು. ಕೃಷ್ಣಾಜಿರಾವನೂ ಬಂದ, ಮುಖ ಸಣ್ಣದು ಮಾಡಿಕೊಂಡು. ಎರಡೂ ಕಡೆಯ ತೂಕವನ್ನು ಅವನು ವಿಜಾಪುರಕ್ಕೆ ಬರೆದು ಕಳಿಸಬೇಕಿತ್ತು. ಮೈದುನನೂ ಸಾಹೇಬನೂ ಕೂಡಿಯೇ ಭಾಗವ್ವನ ಮುಂದೆ ಬಂದು ನಿಂತರು.

"ವೈನಿ, ಯಲ್ಲವ್ವಗ ನೀ ಒಂದ ಮಾತ ಹೇಳು. ನಿನ್ನ ಮಾತ ಮೀರಾಕಿಲ್ಲ ಆಕಿ."

"ನಾ ಯಾಕ ಹೇಳ್ಲಿ? ಕಾಯಿ ಯಾರ ಕೈಯಿಂದ ಇಡಿಸಿದಿ, ಅವರ ಮನಿ ಬಾಗಲಕ್ಕ ಹೋಗು."

"ಭಾಗವ್ವನಾರ," ಎಂದ ಕೃಷ್ಣಾಜಿರಾವ, "ಇಷ್ಟ ಛಲೋ ಬೆಳಿ ನೆಲದ ಪಾಲಾಗಾಕತ್ತದ. ನಿಮಗ ನೋವಾಗೂದಿಲ್ಲೇನ್ರಿ?"

ಭಾಗವ್ವ ಆಚೆ ನೋಡಿದಳು. ನೋವಾಗುತ್ತಿತ್ತು. ಹತ್ತಿ ಯಾರದಾದರೇನು, ಉದುರುವುದನ್ನು ನೋಡಿ ಸುಮ್ಮನಿರಲು ಅವಳ ಜೀವಕ್ಕೆ ಆಗದು.

"ಆಗತೈತ್ರಿ ಸಾಹೇಬ್ರ. ಹತ್ತಿ ಹೆಚ್ಚ ಬೆಳದೀರಿ, ಖರೆ. ಬಿಡಿಸೋ ಕೈ ಯಾವ ಚೀಲದಾಗೂ ತರಲಿಲ್ಲ ನೀವು."

ಗಿರಿಮಲ್ಲಪ್ಪ ಅವತ್ತೇ ಸಂಜೆಮುಂದೆ ಯಲ್ಲವ್ವನ ಮನೆಗೆ ಹೋದ. ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಕೂತು ನೋಡಿದರು. ಬೋರವ್ವ ಆಮೇಲೆ ಅದನ್ನು ಭಾಗವ್ವನಿಗೆ ನಾಲ್ಕು ಸಲ ಹೇಳಿದಳು.

"ನಾಳಿ ಬರ್ರಿ. ಗೂಟ ದಾಟಿ ಬೇಕಾದ್ದು ತಿನ್ರಿ," ಎಂದನಂತೆ.

"ಅಪ್ಪಣಿ ಕೊಡಾಕ ಬಂದೀರೇನ್ರಿ?" ಎಂದಳಂತೆ ಯಲ್ಲವ್ವ.

ಅವನು ರುಮಾಲು ತೆಗೆದು ಕೈಯಲ್ಲಿ ಹಿಡಿದನಂತೆ. "ಇಲ್ಲ. ತಪ್ಪಾತು ಅನ್ನಾಕ ಬಂದೇನಿ."

ಮರುದಿನ ಇಪ್ಪತ್ತೆರಡೂ ಜನ ಬಂದರು. ಗಾಳಿಗೆ ಹೋದದ್ದು ಹೋಯಿತು, ಉಳಿದದ್ದು ರಾಶಿಯಾಯಿತು.

ತೂಗುವ ದಿನ ಚಾವಡಿಯ ನಾಲ್ಕು ಜನ ಹೊಲಕ್ಕೇ ಬಂದರು, ಯಲ್ಲವ್ವನ ಗುಂಪೂ ಬೋರವ್ವನೂ ಬಂದರು. ತಕ್ಕಡಿ ಏರಿತು, ಇಳಿಯಿತು. ಭಾಗವ್ವನ ಕಡೆ ಇಪ್ಪತ್ತಾರು ಮಣ. ಸರಕಾರಿ ಕಡೆ, ಗಾಳಿಗೆ ಅಷ್ಟು ಹೋದ ಮೇಲೂ, ಮೂವತ್ತೊಂದು. ಕೃಷ್ಣಾಜಿರಾವ ಎರಡು ಸಲ ತೂಗಿಸಿದ, ಅಷ್ಟೇ ಬಂತು.

"ಬರಕೋರಿ ಸಾಹೇಬ್ರ," ಎಂದಳು ಭಾಗವ್ವ. "ಹೆಚ್ಚ ಬಂದೈತಿ ಅಂತ ಬರಕೋರಿ. ನನಗೂ ಕಣ್ಣದಾವು."

ಗಿರಿಮಲ್ಲಪ್ಪ ನೆಲ ನೋಡುತ್ತ ಹೇಳಿದ: "ಚಾವಡ್ಯಾಗ ಮಾತ ಕೊಟ್ಟೀನಿ ವೈನಿ. ಎಂಟೂ ಎಕರೆ..."

"ಕೊಟ್ಟಾವ ನೀ. ನಿನ್ನ ಮಾತು ನಿನ್ನ ಮೀಸಿ ಮ್ಯಾಲ ಇರ್ಲಿ, ನನ್ನ ಹೊಲದ ಮ್ಯಾಲ ಯಾಕ ಹೇರತಿ? ಗೂಟ ಹೊಡಿವಾಗ ನನ್ನ ಕೇಳಿದೇನು?"

ಚಾವಡಿಯ ಹಿರಿಯನೊಬ್ಬ ಕೆಮ್ಮಿದ. ಭಾಗವ್ವ ಅವನ ಕಡೆಗೂ ತಿರುಗಿದಳು.

"ನೀವೂ ಕೇಳಲಿಲ್ರಿ. ಈಗ ನಾನೂ ಕೇಳಾಂಗಿಲ್ಲ, ಹೇಳತೇನಿ. ಆ ನಾಕ ಎಕರೆದಾಗ ಇವ ಏನ ಗೊಬ್ಬರ ಹಾಕಿದ್ರೂ ಹಾಕ್ಲಿ, ನಾ ಅಡ್ಡ ಬರೂದಿಲ್ಲ. ನನ್ನ ನಾಕ ಎಕರೆದಾಗ ನನ್ನ ಸೆಗಣಿ, ನನ್ನ ಕುರಿ, ನನ್ನ ಬೀಜ. ಆದ್ರ ಎಂಟ ಸಾಲಿಗೊಂದ ಅಕ್ಕಡಿ, ಎಂಟೂ ಎಕರೆದಾಗ. ಮತ್ತ ಬಾಯಾಗ ಹಾಕಬ್ಯಾಡ್ರಿ ಅಂತ ಹೇಳಬೇಕಾದ ಪುಡಿ ಈ ಹೊಲದಾಗ ಇಳಿಯೂದಿಲ್ಲ. ಇದು ಉಣ್ಣೋ ಹೊಲ."

"ನನ್ನ ಕಾಗದದಾಗ ಅಕ್ಕಡಿಗೆ ಜಾಗಾನ ಇಲ್ಲರಿ," ಎಂದ ಕೃಷ್ಣಾಜಿರಾವ. ಅದನ್ನು ಅವನು ಬೇಸರದಿಂದಲೇ ಹೇಳಿದ.

"ಕಾಗದದಾಗ ಇಲ್ಲ, ಹೊಲದಾಗ ಐತ್ರಿ. ಹೊಲಾ ನೋಡಿ ಕಾಗದಾ ಮಾಡ್ರಿ."

ಇಷ್ಟು ಹೇಳಿ ಭಾಗವ್ವ ಸೆರಗು ಸೊಂಟಕ್ಕೆ ಸಿಗಿಸಿ ಮೊದಲ ಗೂಟದ ಹತ್ತಿರ ಹೋದಳು. ಎರಡೂ ಕೈಯಿಂದ ಹಿಡಿದು ಅಲುಗಾಡಿಸಿದಳು. ಒಣಗಿದ ಎರೆಮಣ್ಣು, ಗೂಟ ಜಗ್ಗಲಿಲ್ಲ. ಐವತ್ತು ವರ್ಷದ ಹೆಂಗಸು ಹಲ್ಲು ಕಚ್ಚಿ ಹಿಂದಕ್ಕೆ ಜೋತುಬಿದ್ದಳು. ಯಲ್ಲವ್ವ ಬಂದು ಕೈ ಹಚ್ಚಿದಳು, ಬೋರವ್ವ ಬಂದಳು. ಗೂಟ ಬುಡದ ಹೆಂಟೆಯ ಸಮೇತ ಎದ್ದು ಬಂತು. ಆಮೇಲೆ ಎರಡನೆಯದು, ಮೂರನೆಯದು. ಗಂಡಸರು ನೋಡುತ್ತ ನಿಂತರು, ಬೇಡ ಎನ್ನುವ ಧೈರ್ಯ ಯಾರಿಗೂ ಆಗಲಿಲ್ಲ. ಹನ್ನೊಂದೂ ಗೂಟ ಕಿತ್ತ ಮೇಲೆ ಆ ಹೊಲ ಎಲ್ಲಿಂದ ಎಲ್ಲಿಗೆ ಯಾರದೆಂದು ಗೊತ್ತಾಗಲಿಲ್ಲ.

ಹತ್ತಿಯ ರಾಶಿಯಿಂದ ದೂರ, ಗಾಳಿ ಆಚೆ ಬೀಸುವ ಕಡೆ ಬದುವಿನ ಮೇಲೆ, ಹೆಂಗಸರು ಆ ಗೂಟಗಳನ್ನೇ ಒಟ್ಟಿ ಬೆಂಕಿ ಮಾಡಿದರು. ಒಣ ಜಾಲಿ, ಚೆನ್ನಾಗಿ ಉರಿಯಿತು. ಅಕ್ಕಡಿಯಲ್ಲಿ ಉಳಿದಿದ್ದ ತಡವಾದ ತೊಗರಿಕಾಯಿಯನ್ನು ಕಂತೆಕಂತೆ ಕಿತ್ತು ತಂದು ಸುಟ್ಟರು. ಕೃಷ್ಣಾಜಿರಾವ ಟೊಪ್ಪಿಗೆ ತೆಗೆದು ಮಂಡಿ ಊರಿ ಕೂತು, ಯಾರೂ ಕೊಡುವ ಮೊದಲೇ ಬಿಸಿಕಾಯಿಗೆ ಕೈ ಹಾಕಿ ಬೆರಳು ಸುಟ್ಟುಕೊಂಡ. ಎಲ್ಲರೂ ನಕ್ಕರು.

ಗಿರಿಮಲ್ಲಪ್ಪ ಮಾತ್ರ ದೂರ ನಿಂತಿದ್ದ. ಬೆಂಕಿಯನ್ನು ನೋಡುತ್ತಿದ್ದ, ಹತ್ತಿರ ಬರಲೋ ಬೇಡವೋ ಎಂಬಂತೆ. ಭಾಗವ್ವ ಸುಟ್ಟ ಕಾಯಿ ಸೆರಗಿನಲ್ಲಿ ಹಾಕಿಕೊಂಡು ಅವನ ತನಕ ನಡೆದು ಹೋದಳು.

"ತಿನ್ನಲೋ," ಎಂದಳು. "ಯಾರ ದಾರಿ ಕಾಯಾಕತ್ತಿ? ಅಕ್ಕಡಿಗಿ ಅಪ್ಪಣಿ ಬೇಕಿಲ್ಲ."